ಸಾವೊ ಪಾಲೊ ಸುತ್ತೋಕೆ ನಕ್ಷೆಗಿಂತ ಕ್ಯಾಲೆಂಡರ್ ಮುಖ್ಯ: ಅಪ್ಪ-ಅಮ್ಮನ ಜೊತೆ ನನ್ನ ಅನುಭವ

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನನಗಿದು ನಾಲ್ಕನೇ ವರ್ಷ. ಊರಿಂದ ಯಾರೇ ಬಂದರೂ ಸುತ್ತಾಡಿಸುವ ಕೆಲಸ ನನ್ನ ತಲೆಗೇ ಬೀಳುತ್ತದೆ. ಇಲ್ಲಿರುವ ನಮ್ಮವರಿಗೆಲ್ಲ ಈ ಕಷ್ಟ ಗೊತ್ತು. ರಿಯೊ ಆದರೆ ಬೆಟ್ಟ ಇದೆ, ಸಮುದ್ರ ಇದೆ, ಕರೆದುಕೊಂಡು ಹೋಗಿ ನಿಲ್ಲಿಸಿದರೆ ಸಾಕು. ಈ ಊರು ಹಾಗಲ್ಲ. ಎಲ್ಲಿ ನೋಡಿದರೂ ಕಟ್ಟಡ. ಏನು ತೋರಿಸೋದು ಅಂತ ನಾವೇ ತಡಕಾಡುತ್ತೇವೆ.

ಹೋದ ಜೂನ್‌ನಲ್ಲಿ ಸಕಲೇಶಪುರದಿಂದ ಅಪ್ಪ-ಅಮ್ಮ ಬಂದಿದ್ದರು. ಆರು ದಿನ ತಿರುಗಿಸಿದೆ. ಒಂದು ದಿನವೂ ಕಾರು ಮಾಡಲಿಲ್ಲ. ಕಂಪಿನಾಸ್‌ನಲ್ಲಿರುವ ಗೆಳೆಯ ಮೊದಲೇ ಬೈದಿದ್ದ, "ಅಪ್ಪನಿಗೆ ಅರವತ್ತೆಂಟು, ಅಮ್ಮನಿಗೆ ಮಂಡಿನೋವು, ಮೆಟ್ರೊ ಹತ್ತಿಸ್ತೀಯಾ? ತಲೆ ಕೆಟ್ಟಿದ್ಯಾ?" ಅಂತ. ಈಗ ಅವನ ಅತ್ತೆ-ಮಾವ ಬರುತ್ತಿದ್ದಾರೆ. ಹೇಗೆ ಮಾಡಿದೆ ಬರೆದು ಕೊಡು ಅಂತ ಅವನೇ ಕೇಳಿದ. ಅದಕ್ಕೇ ಇಷ್ಟು ಬರೆಯುತ್ತಿರೋದು.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. ಅಲ್ಲಿಂದಲೇ ಕಲಿತದ್ದು.

ಮೂರು ವರ್ಷದ ಹಿಂದೆ ಜನವರಿಯಲ್ಲಿ ಅಕ್ಕ-ಭಾವ ಬಂದಾಗ ಎರಡು ದಿನಕ್ಕೆ ಡ್ರೈವರ್ ಸಮೇತ ಕಾರು ಗೊತ್ತು ಮಾಡಿದ್ದೆ. ಇಲ್ಲಿನ ದುಡ್ಡಲ್ಲಿ ಸುಮಾರು 1,400 ರೆಯಲ್ ಆಯ್ತು. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಗೆ ಮೇಲೆ. ಮೊದಲನೇ ದಿನ ಸೋಮವಾರ. ಮಾಸ್ಪ್ ಅನ್ನೋ ದೊಡ್ಡ ಕಲಾ ಮ್ಯೂಸಿಯಂ ಬಾಗಿಲು ಹಾಕಿತ್ತು. ಜಪಾನಿ ಸಂಸ್ಕೃತಿ ಕೇಂದ್ರ ಜಪಾನ್ ಹೌಸ್‌ಗೆ ರಜೆ. ಎಲ್ಲಿ ಹೋದರೂ ಗೇಟು. ಮಧ್ಯಾಹ್ನ ಮೂರಕ್ಕೆ ಮಳೆ ಹಿಡಿಯಿತು, ಜನವರಿ ಮಳೆ ಹೇಗಿರುತ್ತದೆ ನಿಮಗೇ ಗೊತ್ತು. ನದಿ ಪಕ್ಕದ ಮಾರ್ಜಿನಲ್ ರಸ್ತೆಯಲ್ಲಿ ಎರಡೂವರೆ ಗಂಟೆ ಕೂತಿದ್ದೆವು. ಭಾವ ಸಿಟ್ಟಾಗಲಿಲ್ಲ, ಆದರೆ ಕಿಟಕಿ ಕಡೆ ಮುಖ ಮಾಡಿ ಕೂತವರು ಮಾತೇ ಆಡಲಿಲ್ಲ. ಆ ಮೌನ ನನಗೆ ಇನ್ನೂ ನೆನಪಿದೆ.

ಎರಡನೇ ಸಲ ಆಫೀಸಿನ ಮೂವರನ್ನು ಭಾನುವಾರ ಸಂಜೆ ಹಳೇ ಪೇಟೆ ಕಡೆ ಕರೆದುಕೊಂಡು ಹೋದೆ. ಅಂಗಡಿ ಎಲ್ಲ ಮುಚ್ಚಿ, ಬೀದಿ ಬಿಕೋ ಅನ್ನುತ್ತಿತ್ತು. ಒಬ್ಬ ಫೋನ್ ತೆಗೆದು ನಕ್ಷೆ ನೋಡುತ್ತಾ ನಿಂತ. ಸೈಕಲ್‌ನಲ್ಲಿ ಬಂದವನು ಕಿತ್ತುಕೊಂಡು ಹೋದ. ಮಾರನೇ ದಿನ ಒಂದು ಮಾರುಕಟ್ಟೆಯಲ್ಲಿ ಹಣ್ಣಿನವನು ರುಚಿ ನೋಡಿ ಅಂತ ಒಂದೊಂದೇ ಚೂರು ಕೊಟ್ಟು, ಕೊನೆಗೆ ಒಂದು ಸಣ್ಣ ಪೊಟ್ಟಣಕ್ಕೆ 180 ರೆಯಲ್ ಹಾಕಿದ. ತಿಂದಾಗಿತ್ತು, ಕೊಟ್ಟೆವು. ಈಗ ಯಾರು ಬಂದರೂ ಮೊದಲು ಹೇಳುವ ಮಾತು ಒಂದೇ. ಬೆಲೆ ಕೇಳದೆ ಬಾಯಿಗೆ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಬುದ್ಧಿ ಹೊಳೆಯಿತು. ನಮ್ಮ ಕಡೆ ಊರಿಗೆ ಹೋಗೋದೇ ಸಂತೆ ದಿನ ನೋಡಿಕೊಂಡು, ಅಲ್ವಾ? ಸಂತೆ ಇಲ್ಲದ ದಿನ ಹೋದರೆ ಖಾಲಿ ಮೈದಾನ. ಸಾವೊ ಪಾಲೊ ಕೂಡ ಅಂಥದ್ದೇ ಊರು. ಇಲ್ಲಿ ವಾರದ ಹೆಸರಲ್ಲೇ ಸಂತೆ ಕೂತಿದೆ. ಸೋಮವಾರಕ್ಕೆ ಸೆಗುಂದಾ-ಫೇರಾ, ಮಂಗಳವಾರಕ್ಕೆ ತೇರ್ಸಾ-ಫೇರಾ. ಬೀದಿ ಸಂತೆಗೂ ಫೇರಾ ಅಂತಲೇ ಅನ್ನುತ್ತಾರೆ. ನಾನು ಜಾಗದ ಪಟ್ಟಿ ಹರಿದು ಹಾಕಿದೆ. ವಾರದ ಪಟ್ಟಿ ಮಾಡಿದೆ. ಯಾವ ದಿನ ಯಾವುದು ತೆರೆದಿರುತ್ತದೆ, ಯಾವುದು ಉಚಿತ, ಯಾವ ಬೀದಿಯಲ್ಲಿ ಜನ ಇರುತ್ತಾರೆ, ಅಷ್ಟೇ. ದೂರ, ಹತ್ತಿರ ಅನ್ನೋದು ಆಮೇಲಿನ ಮಾತು.

ಅಪ್ಪ-ಅಮ್ಮ ಶುಕ್ರವಾರ ಇಳಿದರು. ಶನಿವಾರ ಪಿನಾಕೊಟೆಕಾ ಕಲಾ ಮ್ಯೂಸಿಯಂ. ಅವತ್ತು ಟಿಕೆಟ್ ಇಲ್ಲ. ಎದುರಿಗೇ ಲೂಸ್ ಸ್ಟೇಷನ್. ಮೆಟ್ರೊ ಇಳಿದು ನೇರ ಒಳಗೆ ಹೋಗಬೇಕು, ಆ ಕಡೆಯ ಬೀದಿಗಳಲ್ಲಿ ಸುಮ್ನೆ ಅಲೆಯಬಾರದು. ಚಿತ್ರಗಳಿಗಿಂತ ಅಪ್ಪನಿಗೆ ಹಿಡಿಸಿದ್ದು ಸ್ಟೇಷನ್. ಈಗಿನ ಕಟ್ಟಡ 1901ರದ್ದು. ಒಳನಾಡಿನ ಕಾಫಿ ಇದೇ ದಾರಿಯಲ್ಲಿ ಸಾಂತೋಸ್ ಬಂದರಿಗೆ ಇಳಿಯುತ್ತಿತ್ತು ಅಂದೆ. ಅಷ್ಟೇ ಸಾಕಾಯಿತು. ಕಬ್ಬಿಣದ ಮೇಲ್ಸೇತುವೆ ಮೇಲೆ ನಿಂತವರು ಮೂರು ರೈಲು ಹೋಗುವವರೆಗೂ ಕದಲಲಿಲ್ಲ. ಸ್ಟೇಷನ್ ಕಟ್ಟಡದಲ್ಲೇ ಇರುವ ಪೋರ್ಚುಗೀಸ್ ಭಾಷೆಯ ಮ್ಯೂಸಿಯಂ ಕೂಡ ಶನಿವಾರ ಉಚಿತ. 2015ರಲ್ಲಿ ಬೆಂಕಿಗೆ ಆಹುತಿಯಾಗಿ 2021ರಲ್ಲಿ ಮತ್ತೆ ತೆರೆಯಿತು. ಅಮ್ಮನ ಮಂಡಿ ಬೇಡ ಅಂದಿತು, ಬಿಟ್ಟೆವು.

ಭಾನುವಾರ ಈ ಊರಿನ ರಾಜ. 2023ರ ಡಿಸೆಂಬರ್‌ನಿಂದ ಭಾನುವಾರ ನಗರದ ಬಸ್ಸುಗಳಿಗೆ ದುಡ್ಡಿಲ್ಲ. ಮೆಟ್ರೊಗೆ ಕೊಡಲೇಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮಿನ್ಯೊಕಾವೊ ಮೇಲೆ ಹತ್ತಿದೆವು. ಹೆಸರಿನ ಅರ್ಥ ದೊಡ್ಡ ಎರೆಹುಳು. 1971ರಲ್ಲಿ ಕಟ್ಟಿದ ಫ್ಲೈಓವರ್ ಇದು, ವಾರದ ಕೊನೆಗೆ ವಾಹನ ಬಿಡುವುದಿಲ್ಲ. ಎರಡೂ ಕಡೆ ಜನರ ಮನೆ ಕಿಟಕಿ ಕೈಗೆ ಸಿಗುವಷ್ಟು ಹತ್ತಿರ. ಒಬ್ಬ ಅಜ್ಜಿ ಬಟ್ಟೆ ಒಣ ಹಾಕುತ್ತಿದ್ದವರು ಅಮ್ಮನ ಸೀರೆ ನೋಡಿ ಕೈ ಬೀಸಿದರು. ಅಮ್ಮನೂ ಬೀಸಿದರು. ಮುಂದೆ ಐದು ನಿಮಿಷ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿದರು, ಸೆರಗು ಹೇಗೆ ನಿಲ್ಲುತ್ತದೆ ಅಂತ. ಇದು ಯಾವ ಟೂರ್‌ನಲ್ಲಿ ಸಿಗುತ್ತದೆ ಹೇಳಿ.

ಅಲ್ಲಿಂದ ರೆಪುಬ್ಲಿಕಾ ಚೌಕದ ಕರಕುಶಲ ಸಂತೆ, ಹೊರಗಿಂದ ಕೊಪಾನ್ ಕಟ್ಟಡ. ವಾಸ್ತುಶಿಲ್ಪಿ ನೀಮೆಯರ್ ಮಾಡಿದ ಆ ಬಳುಕುವ ಕಟ್ಟಡದಲ್ಲಿ ಸಾವಿರದ ನೂರಕ್ಕೂ ಜಾಸ್ತಿ ಮನೆಗಳಿವೆ. "ನಮ್ಮ ಊರಿಗೆ ಊರೇ ಇದರೊಳಗೆ ಹಿಡಿಸತ್ತಲ್ಲೋ" ಅಂದರು ಅಪ್ಪ. ಹನ್ನೊಂದರೊಳಗೆ ಅಲ್ಲಿಂದ ಜಾಗ ಖಾಲಿ ಮಾಡಿ, ಬಸ್ ಹತ್ತಿ ಮೇಲಕ್ಕೆ ಪಾಲಿಸ್ಟಾ ರಸ್ತೆ. ಹಳೇ ಪೇಟೆ ಬೆಳಿಗ್ಗೆಗೆ, ಪಾಲಿಸ್ಟಾ ಮಧ್ಯಾಹ್ನಕ್ಕೆ. ಇದನ್ನು ತಿರುಗುಮುರುಗು ಮಾಡಿಯೇ ನಾನು ಫೋನ್ ಕಳೆಸಿದ್ದು. ಯಾವ ಬಸ್, ಎಲ್ಲಿ ಹತ್ತಿದರೆ ಸೀಟು ಸಿಗುತ್ತದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನಗೇ ಸೀಟು ಸಿಗಲ್ಲ.

ಪಾಲಿಸ್ಟಾದಲ್ಲಿ ಭಾನುವಾರ ಕಾರುಗಳಿಲ್ಲ. ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ಉದ್ದದ ರಸ್ತೆ ಪೂರ್ತಿ ಜಾತ್ರೆ. ಹಾಡೋರು, ಸ್ಕೇಟಿಂಗ್ ಮಕ್ಕಳು, ಜೋಳದ ಗಾಡಿ. ಒಂದು ಕಾಲಕ್ಕೆ ಕಾಫಿ ಸಾಹುಕಾರರ ಬಂಗಲೆಗಳಿದ್ದ ರಸ್ತೆ ಇದು. ಈಗ ಉಳಿದಿರೋದು ಬೆರಳೆಣಿಕೆ. ಅಮ್ಮನ ಮಂಡಿಗೆ ಮಡಚುವ ಸ್ಟೂಲ್ ಒಂದು ತಗೊಂಡಿದ್ದೆ, 60 ರೆಯಲ್. ಈ ಆರು ದಿನದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ದುಡ್ಡು ಅದು. ಇಪ್ಪತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕೂರೋದು. ನಡುನಡುವೆ ಜಪಾನ್ ಹೌಸ್, ಫೋಟೊ ಪ್ರದರ್ಶನಗಳ ಮೊರೇರಾ ಸಾಲೆಸ್ ಸಂಸ್ಥೆ. ಎರಡಕ್ಕೂ ದುಡ್ಡಿಲ್ಲ, ಎರಡರಲ್ಲೂ ಶೌಚಾಲಯ ಚೊಕ್ಕ. ಹಿರಿಯರ ಜೊತೆ ಹೋಗುವಾಗ ಇದು ಚಿತ್ರಕ್ಕಿಂತ ಮುಖ್ಯ. ಕೊನೆಗೆ ಸೆಸ್ಕ್ ಅನ್ನೋ ಸಾಂಸ್ಕೃತಿಕ ಕೇಂದ್ರದ ಕಟ್ಟಡದ ಮೇಲಿನ ತಾರಸಿ. ಲಿಫ್ಟ್‌ಗೆ ಸಾಲು ಇರುತ್ತದೆ, ಸ್ಟೂಲ್ ಇದೆಯಲ್ಲ.

ಊಟದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ನಾವು ಸಸ್ಯಾಹಾರಿಗಳು. "ಸೆಂ ಕಾರ್ನಿ", ಅಂದರೆ ಮಾಂಸ ಬೇಡ, ಅಂತ ಹೇಳಿದರೆ ದನದ ಮಾಂಸ ಬೇಡ ಅಂತಷ್ಟೇ ತಿಳಿಯುತ್ತಾರೆ, ಕೋಳಿಯೋ ಹ್ಯಾಮೋ ಬಂದೇ ಬರುತ್ತದೆ. ಒಂದೊಂದನ್ನೂ ಹೆಸರು ಹಿಡಿದು ಬೇಡ ಅನ್ನಬೇಕು. ಕಿಲೋ ಲೆಕ್ಕದ ಹೋಟೆಲ್ ನಮಗೆ ಒಳ್ಳೇದು, ಕಣ್ಣಿಗೆ ಕಾಣುತ್ತದೆ, ಬೇಕಾದ್ದು ಹಾಕಿಕೊಳ್ಳಬಹುದು. ಕಿಲೋಗೆ 80-90 ರೆಯಲ್ ಇತ್ತು. ಅಮ್ಮನ ತಟ್ಟೆ 35 ದಾಟಲಿಲ್ಲ. ಆದರೆ ಇಲ್ಲೂ ವಾರ ನೋಡಬೇಕು. ಬುಧವಾರ, ಶನಿವಾರ ಫೆಯ್ಜೊಆಡಾ ದಿನ, ಕಪ್ಪು ಕಾಳಿನ ಪಾತ್ರೆಯಲ್ಲಿ ಹಂದಿ ಮಾಂಸ ಇದ್ದೇ ಇರುತ್ತದೆ. ಫರೋಫಾ ಪುಡಿಯಲ್ಲೂ ಬೇಕನ್ ಚೂರು. ನಾನು ಹಿಂದೊಮ್ಮೆ ಅರ್ಧ ತಟ್ಟೆ ತಿಂದ ಮೇಲೆ ಕೇಳಿದ್ದೆ. ಬರೀ ಕಾಳು, ಬೆಳ್ಳುಳ್ಳಿ ಹಾಕಿ ಮಾಡುವ ಒಂದು ಜಾಗ ಗೊತ್ತು ಮಾಡಿಕೊಂಡಿದ್ದೇನೆ. ಹೆಸರು ಬೇಕಾದವರು ಮನೆಗೆ ಬನ್ನಿ, ಹೇಳುತ್ತೇನೆ.

ನಡುವೆ ಒಂದು ಪ್ರಯೋಗವೂ ನಡೆಯಿತು. ಪಾವೊ ಡಿ ಕೇಜು ಅನ್ನೋ ಚೀಸ್ ಬನ್ ತಿಂದ ಅಪ್ಪ, ಹಿಟ್ಟು ಯಾವುದು ಅಂತ ಕೇಳಿದರು. ಮರಗೆಣಸಿನದ್ದು. ಅಮ್ಮ ಬಿಡಬೇಕಲ್ಲ, ಅಂಗಡಿಯಿಂದ ಆ ಹಿಟ್ಟು, ಪೊಲ್ವಿಲ್ಯು, ತರಿಸಿ ರೊಟ್ಟಿ ತಟ್ಟೋಕೆ ಕೂತರು. ಕಾವಲಿಗೆ ಹಾಕಿದ್ದೇ ತಡ ಅಂಟು ಅಂಟಾಗಿ ಎದ್ದು ಬರಲೇ ಇಲ್ಲ. ಎರಡನೇ ಸಲ ಅರ್ಧ ಅಕ್ಕಿಹಿಟ್ಟು ಸೇರಿಸಿ, ಬಿಸಿನೀರಲ್ಲಿ ಕಲಸಿ, ಈರುಳ್ಳಿ ಹಾಕಿದರು. ಬಂತು. ಅಂಚು ಗರಿ, ನಡು ಜಿಗುಟು. ನಾನು ಈಗಲೂ ಹಾಗೇ ಮಾಡುತ್ತೇನೆ.

ಮಂಗಳವಾರ ಮಾಸ್ಪ್. ಬೇರೆ ದಿನ ತಲೆಗೆ 70 ರೆಯಲ್ ಮೇಲೆ, ಮಂಗಳವಾರ ಉಚಿತ. ಆದರೆ ಸಮಯವನ್ನು ಆನ್‌ಲೈನ್‌ನಲ್ಲಿ ಮೊದಲೇ ಹಿಡಿಯಬೇಕು. ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ಕಟ್ಟಿದ, 1968ರಲ್ಲಿ ತೆರೆದ ಕಟ್ಟಡ. ಕೆಳಗೆ 70 ಮೀಟರ್‌ಗೂ ಮೇಲೆ ಅಗಲದ ಜಾಗದಲ್ಲಿ ಒಂದು ಕಂಬ ಇಲ್ಲ. ಒಳಗೆ ಚಿತ್ರಗಳು ಗೋಡೆ ಮೇಲಿಲ್ಲ, ಒಂದೊಂದು ಗಾಜಿನ ಹಲಗೆಯ ಮೇಲೆ ನಿಂತಿವೆ. ಬುಡಕ್ಕೆ ಕಾಂಕ್ರೀಟ್ ದಿಮ್ಮಿ. ಹೆಸರು, ವಿವರ ಎಲ್ಲ ಹಿಂದೆ. ಅಮ್ಮ ಪ್ರತಿ ಚಿತ್ರವನ್ನೂ ಮೊದಲು ಹಿಂದಿನಿಂದ ನೋಡಿದರು. ಮೊಳೆ, ಹಳೇ ಚೀಟಿ, ಮರದ ಚೌಕಟ್ಟಿನ ಬೆಸುಗೆ. "ಸೀರೆಗೂ ಹಿಂದೇನೇ ನೋಡ್ಬೇಕು ಕಣೋ, ನೇಯ್ಗೆ ಅಲ್ಲೇ ಗೊತ್ತಾಗೋದು" ಅಂದರು. ಒಂದೂವರೆ ಗಂಟೆ ಮಂಡಿನೋವಿನ ಮಾತೇ ಇಲ್ಲ.

ಬುಧವಾರ ನಮ್ಮ ಬಡಾವಣೆಯ ಫೇರಾ. ಎಣ್ಣೆಯಲ್ಲಿ ಕರಿದ ಚೀಸ್ ಪಾಸ್ಟೆಲ್, ಜೊತೆಗೆ ಕಬ್ಬಿನ ಹಾಲು. ಹನ್ನೆರಡು ಗಂಟೆ ಮೇಲೆ ಶೇಪಾ, ಅಂದರೆ ಅಂಗಡಿ ಎತ್ತುವ ಹೊತ್ತು. ಬೆಲೆ ಅರ್ಧಕ್ಕೆ ಇಳಿಯುತ್ತದೆ. ಚೌಕಾಸಿಗೆ ಅಮ್ಮನಿಗೆ ಭಾಷೆಯೇ ಬೇಕಾಗಲಿಲ್ಲ. ಗುರುವಾರ ಬ್ಯಾಗ್ ಕಟ್ಟೋದು.

ದುಡ್ಡಿನ ಲೆಕ್ಕ ನೆನಪಿದ್ದಷ್ಟು. ಮೆಟ್ರೊ ಒಂದು ಸಲಕ್ಕೆ 5 ರೆಯಲ್ 20 ಸೆಂಟಾವೊ ಇತ್ತು. ಮೂವರಿಗೆ ಆರು ದಿನದ ಓಡಾಟ ಎಲ್ಲ ಸೇರಿ 200 ಆಸುಪಾಸು. ಪ್ರವೇಶ ಟಿಕೆಟ್ ಸೊನ್ನೆ. ಅಕ್ಕ-ಭಾವನ ಎರಡು ದಿನದ 1,400ರ ಪಕ್ಕ ಇದನ್ನಿಟ್ಟು ನೋಡಿ. ಫೋನ್‌ಗಳು ಮೂರೂ ಭದ್ರ. ದಾರಿಯನ್ನು ದಪ್ಪ ಅಕ್ಷರದಲ್ಲಿ ಚೀಟಿಯಲ್ಲಿ ಬರೆದು ಅಪ್ಪನ ಜೇಬಿಗೆ ಹಾಕಿದ್ದೆ, ಬೀದಿಯಲ್ಲಿ ಫೋನ್ ತೆಗೆಯುವ ಮಾತೇ ಇರಲಿಲ್ಲ. ಇನ್ನೊಂದು, ಹಳದಿ ಜ್ವರದ ಲಸಿಕೆ. ಬ್ರೆಜಿಲ್‌ನಿಂದ ಭಾರತಕ್ಕೆ ವಾಪಸ್ ಇಳಿಯುವಾಗ ಆ ಕಾರ್ಡ್ ಕೇಳುತ್ತಾರೆ. ಹಾಕಿಸಿ ಹತ್ತು ದಿನ ಆದ ಮೇಲೆಯೇ ಅದು ಚಾಲ್ತಿ. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು, ಹಾಗಾಗಿ ಬೇಗ ಶುರು ಮಾಡಿ.

ಸೋಮವಾರದ ವಿಷಯ ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ಎಲ್ಲ ಮುಚ್ಚಿರುವ ದಿನ. ಪಿನಾಕೊಟೆಕಾ ತೆರೆದಿರುತ್ತದೆ, ಅದರ ರಜೆ ಮಂಗಳವಾರ. ಆದರೆ ನಮ್ಮದು ಅದು ಮುಗಿದಿತ್ತು. ಬೆಳಿಗ್ಗೆ ಇಬಿರಾಪುಯೇರಾ ಪಾರ್ಕ್‌ನಲ್ಲಿ ಒಂದು ಸುತ್ತು. ಭಾನುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಸೋಮವಾರ ಕೆರೆ ದಂಡೆ ಪೂರ್ತಿ ನಮ್ಮದೇ. ಆಮೇಲೆ ಅಲ್ಲೇ ಹತ್ತಿರದ ಜೀವಶಾಸ್ತ್ರ ಸಂಸ್ಥೆ, ಇನ್ಸ್ಟಿಟ್ಯೂಟೊ ಬಯೊಲೊಜಿಕೊ. 1924ರಲ್ಲಿ ಈ ರಾಜ್ಯದ ಕಾಫಿಗೆ ಬೆರಿ ಬೋರರ್, ಅಂದರೆ ಹಣ್ಣು ಕೊರೆಯುವ ಹುಳು, ಬಿದ್ದು ತೋಟಗಳು ತತ್ತರಿಸಿದವು. ಆ ಹುಳುವಿನ ಹಿಂದೆ ಬಿದ್ದು 1927ರಲ್ಲಿ ಹುಟ್ಟಿದ ಸಂಸ್ಥೆ ಇದು. ಅದರ ಅಂಗಳದಲ್ಲಿ, ಈ ಮಹಾನಗರದ ನಟ್ಟನಡುವೆ, ಸಾವಿರಕ್ಕೂ ಜಾಸ್ತಿ ಕಾಫಿ ಗಿಡಗಳಿವೆ. ಒಳಗೆ ಹೋಗೋಕೆ ಮೊದಲೇ ಕೇಳಿಕೊಂಡಿರಬೇಕು. ನಾನು ಯಾರನ್ನು, ಹೇಗೆ ಕೇಳಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ತಿಂಗಳು ಹಿಡಿಯಿತು ಅಂತ ಮಾತ್ರ ಹೇಳುತ್ತೇನೆ.

ಅಪ್ಪನಿಗೆ ಏನೂ ಹೇಳಿರಲಿಲ್ಲ. ಗೇಟ್ ದಾಟಿ ತಿರುಗಿದ ಕೂಡಲೇ ನಿಂತುಬಿಟ್ಟರು. ಜೂನ್ ತಿಂಗಳು. ನಮ್ಮಲ್ಲಿ ಮಳೆ ಹೊಡೆಯುತ್ತಿರುತ್ತದೆ, ಗಿಡದಲ್ಲಿ ಹಸಿರು ಕಾಯಿ. ಇಲ್ಲಿ ಕೆಂಪು ಹಣ್ಣು ಗೊಂಚಲು ಗೊಂಚಲು. ಮೇಲೆ ನೋಡಿದರು. "ನೆರಳೇ ಇಲ್ವಲ್ಲೋ" ಅಂದರು. ಸಿಲ್ವರ್ ಓಕ್ ಇಲ್ಲ, ಅತ್ತಿ ಇಲ್ಲ, ಮೆಣಸಿನ ಬಳ್ಳಿ ಇಲ್ಲ, ಬರೀ ಬಿಸಿಲು. ಜೊತೆಗಿದ್ದ ಅಲ್ಲಿನವರನ್ನು ಕಣ್ಣಲ್ಲೇ ಕೇಳಿ ಒಂದು ಹಣ್ಣು ಕಿತ್ತರು. ತುದಿಯನ್ನು ಬೆಳಕಿಗೆ ಹಿಡಿದು, ಗುಂಡುಸೂಜಿ ಚುಚ್ಚಿದಂಥ ತೂತು ಇದೆಯಾ ಅಂತ ನೋಡಿದರು. ನಲವತ್ತು ವರ್ಷದ ಅಭ್ಯಾಸ. ಇರಲಿಲ್ಲ. ಹೆಬ್ಬೆರಳಲ್ಲಿ ಅದುಮಿದರು, ಎರಡು ಬೀಜ ಜಾರಿ ಅಂಗೈಗೆ ಬಿದ್ದವು. ಸಿಪ್ಪೆ ಬಾಯಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ, "ಇದನ್ನ ಮೊದಲನೇ ದಿನಾನೇ ತೋರಿಸೋದಲ್ವೇನೋ" ಅಂದರು.

ಶನಿವಾರ ಅದು ಮುಚ್ಚಿರುತ್ತದೆ ಅಪ್ಪ, ಅಂದೆ.