ಬನಿಯನ್ ಬೆನ್ನಿಗೆ ಚೆಂಡು ಹೊಲಿದು ಗೊರಕೆ ನಿಲ್ಲಿಸಿದ್ದು

ಯಾರೂ ನಂಬಿರಲಿಲ್ಲ. "ಗೊರಕೆ ಅವರಪ್ಪನಿಂದ ಬಂದಿದ್ದು, ಹೋಗಲ್ಲ ಬಿಡು" ಅಂದಿದ್ದರು ಅತ್ತೆ. ಯಜಮಾನರಂತೂ ತಾವು ಗೊರಕೆ ಹೊಡೆಯುತ್ತೇನೆ ಅನ್ನುವುದನ್ನೇ ಒಪ್ಪುತ್ತಿರಲಿಲ್ಲ. ಈಗ ವರ್ಷದ ಮೇಲಾಯಿತು, ನಾನು ರಾತ್ರಿ ಪೂರ್ತಿ ನಿದ್ದೆ ಮಾಡುತ್ತಿದ್ದೇನೆ. ಗೊರಕೆಯ ಪಕ್ಕದಲ್ಲಿ ಮಲಗುವವರಿಗೆ ಅದರ ಕಷ್ಟ ವಿವರಿಸಬೇಕಿಲ್ಲ, ಅಲ್ವಾ? ನೇರ ವಿಷಯಕ್ಕೆ ಬರುತ್ತೇನೆ.

ಮೊದಲು ದುಡ್ಡು ಎಲ್ಲೆಲ್ಲಿ ನೀರುಪಾಲಾಯಿತು ಅಂತ ಹೇಳಿಬಿಡುತ್ತೇನೆ. ಶುರು ಮಾಡಿದ್ದು ಸ್ಪಂಜಿನ ಇಯರ್‌ಪ್ಲಗ್‌ನಿಂದ. ಸುಮಾರು 30 ಡೆಸಿಬಲ್ ತಗ್ಗಿಸುತ್ತದೆ ಅಂತ ಪೊಟ್ಟಣದ ಮೇಲೆ ಬರೆದಿತ್ತು. ಬೆರಳಲ್ಲಿ ಹೊಸೆದು, ಕಿವಿ ಮೇಲಕ್ಕೆಳೆದು ಒಳಗೆ ತೂರಿಸಿ, ಉಬ್ಬುವ ತನಕ ಒತ್ತಿ ಹಿಡಿದಿದ್ದೂ ಆಯಿತು. ಕೀರಲು ಸದ್ದನ್ನು ತಡೆಯುವಷ್ಟು ಚೆನ್ನಾಗಿ ಅವು ದಪ್ಪ ಸದ್ದನ್ನು ತಡೆಯುವುದಿಲ್ಲ. ಅಲಾರಾಂ ಕೇಳಿಸುತ್ತಿರಲಿಲ್ಲ, ಗೊರಕೆ ಕೇಳಿಸುತ್ತಿತ್ತು! ಆಮೇಲೆ ಮೂಗಿಗೆ ಅಂಟಿಸುವ ಪಟ್ಟಿ. ಅವರ ಮೂಗು ಸರಿಯಾಗೇ ಇತ್ತು, ಅದುರುತ್ತಿದ್ದದ್ದು ಗಂಟಲ ಹಿಂಭಾಗ. ಹಾಗಾಗಿ ನೆಗಡಿ ಬಂದಾಗ ಬಿಟ್ಟರೆ ಅದರಿಂದ ಉಪಯೋಗವಾಗಲಿಲ್ಲ. ಗಲ್ಲಕ್ಕೆ ಕಟ್ಟುವ ಪಟ್ಟಿಯನ್ನು ಒಂದು ಗಂಟೆಯೊಳಗೆ ಕಿತ್ತು ಎಸೆದರು. ಬಾಯಿಗೆ ಟೇಪ್ ಅಂಟಿಸುವವರೂ ಇದ್ದಾರಂತೆ. ಅದಕ್ಕೆ ನಾನು ಕೈ ಹಾಕಲಿಲ್ಲ. ರಾತ್ರಿ ಮೂಗು ಕಟ್ಟಿದರೆ ಗತಿ ಏನು?

ಹೊಟ್ಟೆ ಉರಿಸಿದ್ದು "ಗೊರಕೆ ನಿಲ್ಲಿಸುವ ದಿಂಬು". ಮಾಮೂಲಿ ದಿಂಬಿನ ಏಳೆಂಟು ಪಟ್ಟು ಬೆಲೆ. ವಾಪಸ್ ತೆಗೆದುಕೊಳ್ಳುವ ಗಡುವು ಮುಗಿದ ಮೇಲೆ ಗೊತ್ತಾಯಿತು, ಅದೂ ಬರೀ ದಿಂಬೇ. ಈಗ ಮಗ ಟಿವಿ ನೋಡುವಾಗ ಮೊಣಕೈ ಕೆಳಗೆ ಇಟ್ಟುಕೊಳ್ಳುತ್ತಾನೆ. ಎಲ್ಲ ಸೇರಿಸಿದರೆ ಒಂದು ಒಳ್ಳೆಯ ಹಾಸಿಗೆ ಬರುತ್ತಿತ್ತು.

ಸ್ವಲ್ಪ ದಿನ ನಡುಮನೆಯಲ್ಲಿ ಮಲಗಿದೆ. ನಿದ್ದೆ ಬಂತು, ಅದರ ಜೊತೆ ಅತ್ತೆಯ ವಿಚಾರಣೆಯೂ ಬಂತು. "ಏನಮ್ಮಾ, ಇಬ್ಬರಿಗೂ ಏನಾದ್ರೂ ಮಾತು ಬಂತಾ?" ಅಂತ ದಿನಾ ಬೆಳಿಗ್ಗೆ. ಗೊರಕೆ ಅಂದರೆ ನಂಬುತ್ತಿರಲಿಲ್ಲ. ಜಗಳ ಇಲ್ಲ ಅಂತ ಸಾಬೀತು ಮಾಡುವುದಕ್ಕೇ ಕೋಣೆಗೆ ವಾಪಸ್ ಹೋದೆ.

ದಾರಿ ತೋರಿಸಿದ್ದು ರೆಕಾರ್ಡಿಂಗ್. ಮೊದಲ ಸಲ ಕೇಳಿಸಿದಾಗ "ಇದು ಯಾರದ್ದೋ, ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದೀಯ" ಅಂದರು. ಮರುದಿನದಿಂದ ಮಲಗುವ ಮುಂಚೆ ಅವರ ಬಾಯಿಂದಲೇ ತಾರೀಖು ಹೇಳಿಸಿ ರೆಕಾರ್ಡಿಂಗ್ ಶುರು ಮಾಡಿದೆ. ಆಮೇಲೆ ವಾದ ಮುಗಿಯಿತು. ಹತ್ತು ಹನ್ನೆರಡು ರಾತ್ರಿ ಎಚ್ಚರವಾದಾಗಲೆಲ್ಲ ಅವರು ಹೇಗೆ ಮಲಗಿದ್ದಾರೆ, ಗಂಟೆ ಎಷ್ಟು ಅಂತ ಬರೆದಿಟ್ಟೆ. ಬೆಳಿಗ್ಗೆ ರೆಕಾರ್ಡಿಂಗ್ ಜೊತೆ ತಾಳೆ ಹಾಕಿದೆ. ಅಂಗಾತ ಮಲಗಿದಾಗ ದಿಂಬಿನ ಹತ್ತಿರ ಫೋನ್ 55ರಿಂದ 60 ಡೆಸಿಬಲ್ ತೋರಿಸುತ್ತಿತ್ತು. ನಾವು ಎದುರುಬದುರು ಕೂತು ಮಾತಾಡುವಷ್ಟು ಸದ್ದು ಅದು. ಮಗ್ಗುಲಾದರೆ 40ರ ಆಸುಪಾಸು, ಫ್ಯಾನಿನ ಸದ್ದಿಗಿಂತ ಒಂಚೂರು ಮೇಲೆ. ಫೋನಿನ ಲೆಕ್ಕ ಕರಾರುವಾಕ್ಕಾಗಿರಲ್ಲ, ಆದರೆ ಹೋಲಿಸಿ ನೋಡೋದಕ್ಕೆ ಸಾಕು.

ಅದೇ ರೆಕಾರ್ಡಿಂಗ್‌ನಲ್ಲಿ ಇನ್ನೊಂದು ಕಂಡಿತು. ನಡುನಡುವೆ ಸದ್ದೇ ಇಲ್ಲ, ಆಮೇಲೆ ಒಮ್ಮೆಲೇ ಉಸಿರೆಳೆದುಕೊಂಡ ಹಾಗೆ. ಅದು ಕೇಳಿ ನನಗೆ ಭಯವಾಯಿತು. ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ನಿದ್ದೆಯ ಪರೀಕ್ಷೆ ಆಯಿತು. ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನಿಂತರೆ ಅಥವಾ ತೀರಾ ಕಡಿಮೆಯಾದರೆ ಲೆಕ್ಕಕ್ಕೆ ಹಿಡಿಯುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಚಿಂತೆ ಇಲ್ಲ, 15ರವರೆಗೆ ಸೌಮ್ಯ, 30 ದಾಟಿದರೆ ಜೋರು. ಇವರದು ಎಂಟೋ ಒಂಬತ್ತೋ ಇತ್ತು, ಹೆಚ್ಚಿನವು ಅಂಗಾತ ಮಲಗಿದಾಗಲೇ. ಮಗ್ಗುಲಾಗಿ ಮಲಗಿಸಿ, ತೂಕ ಇಳಿಸಿ ಅಂದರು ಡಾಕ್ಟರು. ಪರೀಕ್ಷೆಗೆ ದುಡ್ಡು ಚೆನ್ನಾಗಿಯೇ ಹೋಯಿತು, ಆದರೆ ಇದೊಂದು ಖರ್ಚಿನ ಬಗ್ಗೆ ಬೇಜಾರಿಲ್ಲ. ಇದನ್ನು ಬಿಟ್ಟು ಸೂಜಿ ದಾರ ಹಿಡಿಯಬೇಡಿ.

ಇನ್ನು ಚೆಂಡು. ಬೆನ್ನಿಗೆ ಟೆನಿಸ್ ಚೆಂಡು ಕಟ್ಟುವುದು ಹಳೇ ಉಪಾಯ, ನೀವೂ ಕೇಳಿರುತ್ತೀರಿ. ಕೇಳಿದವರೆಲ್ಲ ಹೇಳಿದ್ದು ಒಂದೇ: "ಮಾಡಿ ನೋಡಿದ್ವಿ, ಆಗಲ್ಲ." ಯಾಕೆ ಆಗಲ್ಲ ಅಂತ ನಾನು ಮಾಡಿಯೇ ತಿಳಿದುಕೊಂಡೆ. ಸಡಿಲ ಟೀ ಶರ್ಟಾದರೆ ಚೆಂಡು ಕಂಕುಳಿಗೆ ಬರುತ್ತದೆ. ಕಾಲುಚೀಲದಲ್ಲಿ ಹಾಕಿ ಪಿನ್ನು ಚುಚ್ಚಿದರೆ ಪಿನ್ನು ಬಿಚ್ಚಿಕೊಳ್ಳುತ್ತದೆ. ಸೊಂಟದ ಹತ್ತಿರ ಹೊಲಿದಾಗ ಅದರ ಮೇಲೇ ಅಂಗಾತ ಮಲಗಿ, ಬೆಳಿಗ್ಗೆ ಸೊಂಟ ನೋವು ಅಂತ ನನ್ನನ್ನೇ ಬೈದರು.

ಕೊನೆಗೆ ನಿಂತಿದ್ದು ಹೀಗೆ. ಮೈಗೆ ಬಿಗಿಯಾಗಿ ಕೂರುವ ಬನಿಯನ್, ಒಂದು ಸೈಜು ಚಿಕ್ಕದಾದರೂ ಸರಿ. ಎರಡು ಹೆಗಲ ಮೂಳೆಗಳ ನಡುವೆ ಗಟ್ಟಿ ಬಟ್ಟೆಯ ಜೇಬು. ಅದರೊಳಗೆ ಮೇಲೊಂದು ಕೆಳಗೊಂದು ಚೆಂಡು, ನಡುವೆ ಒಂದು ಹೊಲಿಗೆ. ಒಂದೇ ಚೆಂಡಾದರೆ ಅದನ್ನು ತಪ್ಪಿಸಿ ಮಲಗಲು ನಿದ್ದೆಯಲ್ಲೇ ಕಲಿಯುತ್ತಾರೆ. ಹೊಸ ಚೆಂಡು ಬೇಡ, ಆಡಿ ಮೆತ್ತಗಾದದ್ದು ಸಾಕು. ಒಗೆಯಲು ಜೇಬಿನ ಬಾಯಿ ತೆರೆಯುವ ಹಾಗಿರಲಿ. ಚೆಂಡಿನ ಸುತ್ತ ಏನು ತುಂಬಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಂಡುಹಿಡಿಯಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಇವರನ್ನು ಅದನ್ನು ಹಾಕಿಕೊಳ್ಳಲು ಹೇಗೆ ಒಪ್ಪಿಸಿದೆ ಅನ್ನುವುದೂ ಮನೆಯೊಳಗಿನ ಮಾತು.

ಸುಮಾರು ಎರಡು ವಾರ ಗೊಣಗಾಟ ಇತ್ತು. ಆಮೇಲೆ ಹೆಗಲು ನೋವು ಅಂದರು. ಮಗ್ಗುಲಾಗಿ ಮಲಗುವವರ ದಿಂಬು ಕಿವಿಯಿಂದ ಹೆಗಲ ಅಂಚಿನವರೆಗಿನ ಜಾಗ ತುಂಬುವಷ್ಟು ದಪ್ಪ ಇರಬೇಕು. ಅಪ್ಪಿಕೊಳ್ಳಲು ಇನ್ನೊಂದು ದಿಂಬು ಕೊಟ್ಟೆ, ನೋವು ಹೋಯಿತು. ಆಗಲೇ ಹೊದಿಕೆಯನ್ನೂ ಬೇರೆ ಬೇರೆ ಮಾಡಿಕೊಂಡೆವು. ಮದುವೆಯಾದಾಗಿನಿಂದ ನಡೆಯುತ್ತಿದ್ದ ಎಳೆದಾಟ ಒಂದೇ ರಾತ್ರಿಯಲ್ಲಿ ನಿಂತಿತು. ಇದು ಮೊದಲೇ ಯಾರಿಗೂ ಹೊಳೆಯಲಿಲ್ಲವಲ್ಲ!

ಬೇರೆ ಪ್ರಯೋಗಗಳೂ ನಡೆದವು. ಮಂಚದ ತಲೆಭಾಗಕ್ಕೆ ಇಟ್ಟಿಗೆ ಇಟ್ಟು ಹತ್ತು ಸೆಂಟಿಮೀಟರಿನಷ್ಟು ಎತ್ತಿದೆ. ಸದ್ದು ಸ್ವಲ್ಪ ಇಳಿಯಿತು, ಆದರೆ ಬೆಳಗಾಗುವಷ್ಟರಲ್ಲಿ ಇಬ್ಬರೂ ಜಾರಿ ಕಾಲ ಕಡೆ ಇರುತ್ತಿದ್ದೆವು. ಅದರ ಬದಲು ದಿಂಬಿನ ಮೇಲೆ ದಿಂಬು ಪೇರಿಸಿದರೆ ಕತ್ತು ನೀರಿನ ಪೈಪು ಮಡಚಿದ ಹಾಗೆ ಮಡಚಿ ಗೊರಕೆ ಜಾಸ್ತಿಯೇ ಆಗುತ್ತದೆ. ಪಾರ್ಟಿಗೆ ಹೋಗಿ ಕುಡಿದು ಬಂದ ರಾತ್ರಿ ಯಾವ ಚೆಂಡೂ ಪೂರ್ತಿ ಕೆಲಸ ಮಾಡಲ್ಲ. ಗಂಟಲ ಸ್ನಾಯುಗಳೇ ಸಡಿಲವಾಗಿರುತ್ತವೆ.

ತಮಾಷೆಯ ಪ್ರಯೋಗ ಇವರದೇ. ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಗಿತ್ತು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಅನ್ನುವ ಉದ್ದ ಕೊಳವೆ ವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರಿಗೆ ಹಗಲಿನ ತೂಕಡಿಕೆಯೂ ಉಸಿರು ನಿಲ್ಲುವುದೂ ಕಡಿಮೆಯಾಗಿತ್ತು. ಜನರನ್ನು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಅದಕ್ಕೆ 2017ರಲ್ಲಿ ಬಂತು, ಅದೂ ಶಾಂತಿ ವಿಭಾಗದಲ್ಲಿ. ಇವರು ಓದಿದ್ದೇ ತಡ, ಮನೆಯಲ್ಲಿ ಉಳಿದಿದ್ದ ನಾಲ್ಕಡಿ ಪಿವಿಸಿ ಪೈಪು ಹಿಡಿದು ಊದಲು ಕೂತರು. ದಿನಾ ಇಪ್ಪತ್ತು ನಿಮಿಷ. ಗೊರಕೆ ರಾತ್ರಿ ಮಾತ್ರ ಇತ್ತು, ಇದು ಸಂಜೆಗೂ ಬಂತು. ಮೂರನೇ ವಾರದಲ್ಲಿ ಪೈಪು ಕಾಣೆಯಾಯಿತು. ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ.

ತೂಕವೂ ನಾಲ್ಕೈದು ಕಿಲೋ ಇಳಿದಿದೆ. ಅದರ ಪಾಲೆಷ್ಟು, ಬನಿಯನ್ ಪಾಲೆಷ್ಟು ಅಂತ ನಮ್ಮಲ್ಲಿ ವಾದ ಇದ್ದೇ ಇದೆ. ಬನಿಯನ್ ಒಗೆಯಲು ಹಾಕಿದ ರಾತ್ರಿಗಳ ರೆಕಾರ್ಡಿಂಗ್ ನನ್ನ ಹತ್ತಿರ ಭದ್ರವಾಗಿದೆ, ಸಾಕು.

ಸುದ್ದಿ ಕೇಳಿ ಓರಗಿತ್ತಿ ಮೈದುನನಿಗೂ ಒಂದು ಹೊಲಿದುಕೊಡಿ ಅಕ್ಕ ಅಂದಳು. ಮೊದಲು ಪರೀಕ್ಷೆ ಮಾಡಿಸು ಅಂದೆ. ಅವನ ಲೆಕ್ಕ 40 ದಾಟಿತ್ತು, ಯಾವ ಮಗ್ಗುಲಾದರೂ ಅಷ್ಟೇ. ಅವನಿಗೆ ನನ್ನ ಚೆಂಡು ಸಾಲದು, ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರವೇ ಬೇಕಾಯಿತು. ಈಗ ಗೊರಕೆ ಇಲ್ಲ. ಆದರೆ ಮಾಸ್ಕಿನ ತೂತಿನಿಂದ ಹೊರಬರುವ ಗಾಳಿ ರಾತ್ರಿಯೆಲ್ಲ ತನ್ನ ಮುಖಕ್ಕೇ ಹೊಡೆಯುತ್ತದೆ ಅಂತ ಅವಳ ಹೊಸ ದೂರು. ಅವಳನ್ನು ಮಂಚದ ಆ ಕಡೆ ಮಲಗಿಸಿ ನೋಡುತ್ತಿದ್ದೇವೆ.