ಜರ್ಮನಿಯ ಟ್ಯೂಬಿಂಗನ್‌ಗೆ ಬಂದಿಳಿದವರಿಗೆ: ಮೊದಲು ಲೆಟರ್ ಬಾಕ್ಸಿಗೆ ಹೆಸರು ಅಂಟಿಸಿ

ಮನೆ ಕೀ ಕೈಗೆ ಬಂತಾ? ಹಾಲು ಉಕ್ಕಿಸುವುದು ಆಮೇಲೆ. ಮೊದಲು ಕೆಳಗಿಳಿದು ಲೆಟರ್ ಬಾಕ್ಸ್ ಮೇಲೆ ಮನೆಯವರೆಲ್ಲರ ಹೆಸರು ಅಂಟಿಸಿ. ಇಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ, ಪೋಸ್ಟಿನವರು ನೋಡುವುದು ಹೆಸರನ್ನೇ. ನಮ್ಮಲ್ಲಿ ಗಂಡನಿಗೆ ಊರಿನ ಹೆಸರು, ಹೆಂಡತಿಗೆ ಅಪ್ಪನ ಹೆಸರು, ಮಗುವಿಗೆ ಇನ್ನೇನೋ ಇರುತ್ತದೆ, ಅಲ್ವಾ? ಜರ್ಮನಿಯವರಿಗೆ ಇವರು ಒಂದೇ ಮನೆಯವರು ಅಂತ ಹೊಳೆಯುವುದೇ ಇಲ್ಲ. ನಾವು ಬಂದ ಹೊಸತರಲ್ಲಿ ಯಜಮಾನರ ಹೆಸರು ಮಾತ್ರ ಅಂಟಿಸಿದ್ದೆವು. ನನ್ನ ಬ್ಯಾಂಕ್ ಕಾರ್ಡ್ ಬಂದ ದಾರಿಯಲ್ಲೇ ವಾಪಸ್ ಹೋಯಿತು, ಇನ್ಶೂರೆನ್ಸ್ ಕಾರ್ಡ್ ಕೂಡ.

ಎರಡನೆಯದು ಅನ್‌ಮೆಲ್ಡುಂಗ್, ಅಂದರೆ ಇಂಥ ಮನೆಯಲ್ಲಿ ಇದ್ದೇವೆ ಅಂತ ನಗರಸಭೆಯಲ್ಲಿ ಬರೆಸುವುದು. ಮನೆಗೆ ಬಂದ ಎರಡು ವಾರದೊಳಗೆ ಮಾಡಿಸಬೇಕು. ಓನರ್ ಸಹಿ ಹಾಕಿದ ಒಂದು ಫಾರಂ ಬೇಕು, ಅದನ್ನು ಕೀ ತೆಗೆದುಕೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ. ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪತ್ರ ಎಲ್ಲ ಒಂದೇ ಫೈಲಿನಲ್ಲಿರಲಿ. ಟ್ಯಾಕ್ಸ್ ನಂಬರ್ ಇದಾದ ಮೇಲೇ ಬರುವುದು, ಅದೂ ಅಂಚೆಯಲ್ಲೇ. ಮನೆಗೊಂದರಂತೆ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕದ ಪತ್ರವೂ ಹಿಂದೆಯೇ ಬರುತ್ತದೆ. ಟಿವಿ ಇಲ್ಲ ಅಂದರೂ ಬಿಡುವುದಿಲ್ಲ.

ಇನ್ನೂ ಮನೆ ಹುಡುಕುತ್ತಿದ್ದೀರಾ? ತೊಂಬತ್ತು ಸಾವಿರದಷ್ಟು ಜನ ಇರುವ ಊರು, ಅದರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳು. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಸೆಮಿಸ್ಟರ್ ಶುರುವಾಗುವಾಗ ಒಂದು ರೂಮಿಗೂ ಕಿತ್ತಾಟ. ನೆಕರ್ ನದಿ ಪಕ್ಕದ ಬಣ್ಣಬಣ್ಣದ ಮನೆಗಳ ಫೋಟೋ ನೋಡಿ ಹಳೇ ಊರಲ್ಲೇ ಬೇಕು ಅಂತ ಹಟ ಹಿಡಿಯಬೇಡಿ. ರಾಯ್ಟ್‌ಲಿಂಗನ್, ರೊಟೆನ್‌ಬುರ್ಗ್ ಕಡೆಯೂ ನೋಡಿ, ರೈಲು ಇದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು ಕಾಲ್ಟ್‌ಮೀಟ, ಬರಿಯ ಬಾಡಿಗೆ. ಅದರ ಮೇಲೆ ನೀರು, ಕಸ, ಹೀಟಿಂಗ್ ಸೇರಿದರೆ ವಾರ್ಮ್‌ಮೀಟ. ಕರೆಂಟ್ ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಎರಡರಲ್ಲೂ ಇಲ್ಲ. ಅಡ್ವಾನ್ಸ್ ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದಲ್ಲ. ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟ, ಅದನ್ನೂ ಮೂರು ಕಂತಿನಲ್ಲಿ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಮನೆ ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ. ನೋಡಲು ಹೋದಾಗ ಅಡುಗೆಮನೆ ಇದೆಯಾ ಅಂತ ಖಚಿತ ಮಾಡಿಕೊಳ್ಳಿ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಸಿಂಕು, ಒಲೆ ಏನೂ ಇರುವುದಿಲ್ಲ, ಬಲ್ಬ್ ಇರಬೇಕಾದ ಜಾಗದಲ್ಲಿ ಎರಡು ವೈರು ನೇತಾಡುತ್ತಿರುತ್ತವೆ.

ಅಡ್ವಾನ್ಸ್ ಪೂರ್ತಿ ವಾಪಸ್ ಬೇಕು ಅಂದರೆ ಕಿಟಕಿ ತೆಗೆಯುವುದನ್ನು ಕಲಿಯಿರಿ. ತಮಾಷೆ ಅಲ್ಲ. ಚಳಿಗಾಲದಲ್ಲಿ ನಾವು ಇಡ್ಲಿ ಬೇಯಿಸುತ್ತೇವೆ, ಅನ್ನ ಕುದಿಸುತ್ತೇವೆ, ಬಟ್ಟೆ ಒಳಗೇ ಒಣಗಿಸುತ್ತೇವೆ, ಚಳಿ ಅಂತ ಕಿಟಕಿ ಮಾತ್ರ ತೆಗೆಯುವುದಿಲ್ಲ. ನಮ್ಮ ಮೊದಲ ಮನೆಯಲ್ಲಿ ಫೆಬ್ರವರಿ ಹೊತ್ತಿಗೆ ಬೀರು ಹಿಂದಿನ ಗೋಡೆ ಮೇಲೆ ಕಪ್ಪು ಚುಕ್ಕೆ ಬಂದವು. ಸೀರೆಗಳೆಲ್ಲ ಮಳೆಗಾಲದ ಮಲೆನಾಡಿನ ವಾಸನೆ! ಮನೆ ಬಿಡುವಾಗ ಓನರ್ ಅದಕ್ಕೆ ದುಡ್ಡು ಹಿಡಿದುಕೊಂಡರು. ಹಾಗಾಗಿ ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ, ಇಡೀ ದಿನ ಓರೆ ಮಾಡಿಟ್ಟರೆ ಹೀಟಿಂಗ್ ಬಿಲ್ ಏರುತ್ತದೆ ಅಷ್ಟೇ. ಬೀರು ಗೋಡೆಯಿಂದ ಒಂದು ಗೇಣು ದೂರ ಇರಲಿ. ಮೊದಲ ದಿನವೇ ಎಲ್ಲ ಮೂಲೆಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಬೆಳಗ್ಗೆ ನಿಮ್ಮ ಬಾಗಿಲಿನ ಹಿಡಿಗೆ ಪುಟ್ಟ ಬೋರ್ಡ್ ನೇತಾಡುತ್ತಿದ್ದರೆ ಗಾಬರಿ ಬೇಡ. ಅದು ಕೇರ್‌ವೋಖ. ಈ ವಾರ ಮೆಟ್ಟಿಲು ಗುಡಿಸಿ ಒರೆಸುವ ಸರದಿ ನಿಮ್ಮದು. ಈ ಶ್ವಾಬಿಯಾ ಸೀಮೆಯವರಿಗೆ ಇದು ಪೂಜೆ ಇದ್ದ ಹಾಗೆ. ಮಾಡಿ ಮುಗಿಸಿ ಬೋರ್ಡನ್ನು ಪಕ್ಕದ ಮನೆಗೆ ದಾಟಿಸಿ. ಮಾತಾಡಿಸಲು ಒಳ್ಳೆ ನೆಪವೂ ಆಯಿತು. ಭಾನುವಾರ ಮತ್ತು ರಾತ್ರಿ ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ, ಚಟ್ನಿಯನ್ನು ಶನಿವಾರವೇ ರುಬ್ಬಿಡಿ.

ಹೊರಗೆ ಹೋಗುವಾಗ ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. 2022ರಿಂದ ಇಲ್ಲಿ ಬಳಸಿ ಎಸೆಯುವ ಪಾರ್ಸೆಲ್ ಕಪ್, ಡಬ್ಬಿಗಳ ಮೇಲೆ ತಲಾ 50 ಸೆಂಟ್ ತೆರಿಗೆ ಇದೆ. ಪ್ಲಾಸ್ಟಿಕ್ ನೀರಿನ ಬಾಟಲಿ ಎಸೆಯಬೇಡಿ, ಅಂಗಡಿಯ ಮಷಿನ್ನಿಗೆ ಹಾಕಿದರೆ 25 ಸೆಂಟ್ ವಾಪಸ್. ಸಂಜೆ ನೆಕರ್ ನಡುಗಡ್ಡೆಯ ದೊಡ್ಡ ಮರಗಳ ಸಾಲಿನಲ್ಲಿ ನಡೆಯಿರಿ, ದುಡ್ಡಿಲ್ಲ. ಅಂದಹಾಗೆ ನಿಘಂಟಿನ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾಲಯ. ಪಕ್ಕದ ಮನೆಯವರು ಕನ್ನಡ ಅಂದರೆ ಏನು ಅಂತ ಕೇಳಿದಾಗ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ರಾಗಿ ಹಿಟ್ಟು, ಕರಿಬೇವಿಗೆ ಸ್ಟುಟ್‌ಗಾರ್ಟ್‌ಗೆ ಹೋಗುವುದೇ ವಾಸಿ, ರೈಲಿನಲ್ಲಿ ಸುಮಾರು ಒಂದು ಗಂಟೆ. ಭಾನುವಾರ ಅಂಗಡಿ ಬಂದ್, ಶನಿವಾರವೇ ಹೊರಡಿ. ಹೊರಡುವ ಮೊದಲು ಇಲ್ಲಿನ ಕನ್ನಡಿಗರ ಗುಂಪಿನಲ್ಲಿ ಒಂದು ಮಾತು ಹಾಕಿ, ಕರಿಬೇವು ಬೇಕಾದವರು ಇನ್ನೂ ನಾಲ್ಕು ಜನ ಇದ್ದೇ ಇರುತ್ತಾರೆ.