ನೇರಳೆ ಆಗಬೇಕಾದದ್ದು ಗುಲಾಬಿ ಆದಾಗ

ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತು. ಕೀವಿನ ಸ್ಯಾಂಪಲ್ ಬಂದಿತ್ತು, ಗ್ರಾಮ್ ಸ್ಟೇನ್ ಮಾಡಬೇಕಿತ್ತು. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಎರಡು ಗುಂಪು ಮಾಡುವ ಪರೀಕ್ಷೆ ಅದು: ನೇರಳೆ ಉಳಿದರೆ ಗ್ರಾಮ್ ಪಾಸಿಟಿವ್, ಗುಲಾಬಿ ಆದರೆ ಗ್ರಾಮ್ ನೆಗೆಟಿವ್. ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಎಲ್ಲ ಸರಿಯಾಗೇ ಹಾಕಿದೆ. ಬಣ್ಣ ತೆಗೆಯುವ ಅಸಿಟೋನ್ ಸುರಿದೆ, ಅಷ್ಟರಲ್ಲಿ ಯಾರೋ ರಿಪೋರ್ಟ್ ಕೇಳಿಕೊಂಡು ಬಂದರು, ಕೊಟ್ಟು ಬಂದು ತೊಳೆದು ಸಫ್ರಾನಿನ್ ಎಂಬ ಗುಲಾಬಿ ಬಣ್ಣ ಹಾಕಿದೆ. ಆಯಿಲ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ದ್ರಾಕ್ಷಿ ಗೊಂಚಲಿನ ಹಾಗೆ ದುಂಡು ದುಂಡು, ಆದರೆ ಅಷ್ಟೂ ಗುಲಾಬಿ! ಧೈರ್ಯವಾಗಿ ‘ಗ್ರಾಮ್ ನೆಗೆಟಿವ್’ ಎಂದು ಬರೆದುಬಿಟ್ಟೆ.

ಮೇಡಂ ಸ್ಲೈಡ್ ನೋಡಿ ಕೇಳಿದ್ದು ಒಂದೇ ಮಾತು. "ಏನಮ್ಮಾ, ಅಸಿಟೋನ್ ಹಾಕಿ ಊಟಕ್ಕೆ ಹೋಗಿದ್ಯಾ?"

ಮರುದಿನ ಕಲ್ಚರ್‌ನಲ್ಲಿ (ಅದೇ ಕೀವಿನ ಬ್ಯಾಕ್ಟೀರಿಯಾ ಬೆಳೆಸಿ ನೋಡಿದಾಗ) ಬಂದದ್ದು ಸ್ಟಫೈಲೋಕಾಕಸ್ ಆರಿಯಸ್. ನೇರಳೆ ಆಗಲೇಬೇಕಾದ ಬ್ಯಾಕ್ಟೀರಿಯಾ ಅದು.

ಅಲ್ಲಿಯವರೆಗೆ ನಾನು ಬಣ್ಣ ಬ್ಯಾಕ್ಟೀರಿಯಾದ ಗೋಡೆಗೆ ಹತ್ತುತ್ತದೆ ಎಂದುಕೊಂಡಿದ್ದೆ. ಹಾಗಲ್ಲ. ನೇರಳೆ ಬಣ್ಣ ಎರಡೂ ಥರದ ಬ್ಯಾಕ್ಟೀರಿಯಾದ ಒಳಗೆ ಹೋಗುತ್ತದೆ, ಅಯೋಡಿನ್ ಸೇರಿ ದೊಡ್ಡ ಗಂಟಾಗುತ್ತದೆ. ಆ ಗಂಟು ಹೊರಗೆ ಬರುತ್ತದೋ ಇಲ್ಲವೋ ಅನ್ನುವುದು ಗೋಡೆಯ ಕೈಯಲ್ಲಿ. ಗ್ರಾಮ್ ಪಾಸಿಟಿವ್‌ನ ಪೆಪ್ಟಿಡೋಗ್ಲೈಕನ್ (ಗಟ್ಟಿ ಬಲೆಯಂಥ ವಸ್ತು) ಗೋಡೆ 20ರಿಂದ 80 ನ್ಯಾನೋಮೀಟರ್ ದಪ್ಪ, ಪದರದ ಮೇಲೆ ಪದರ. ಅಸಿಟೋನ್ ಬಿದ್ದರೆ ನೀರು ಕಳೆದುಕೊಂಡು ಬಿಗಿಯಾಗುತ್ತದೆ, ಗಂಟು ಒಳಗೇ ಸಿಕ್ಕಿಕೊಳ್ಳುತ್ತದೆ. ನೆಗೆಟಿವ್‌ನ ಗೋಡೆ 10 ನ್ಯಾನೋಮೀಟರೂ ಇರುವುದಿಲ್ಲ. ಅದರ ಹೊರಗೆ ಇನ್ನೊಂದು ಕೊಬ್ಬಿನ ಪೊರೆ ಇದೆ, ಅದನ್ನು ಅಸಿಟೋನ್ ಕರಗಿಸಿಬಿಡುತ್ತದೆ, ಬಣ್ಣ ಹೊರಗೆ. ಆದರೆ ಜಾಸ್ತಿ ಹೊತ್ತು ಬಿಟ್ಟರೆ ದಪ್ಪ ಗೋಡೆಯೂ ಸೋಲುತ್ತದೆ, ನನ್ನ ಸ್ಲೈಡ್‌ನಲ್ಲಿ ಆದದ್ದು ಅದೇ.

ತಮಾಷೆ ಅಂದರೆ, 1884ರಲ್ಲಿ ಇದನ್ನು ಪ್ರಕಟಿಸಿದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅವರಿಗೆ ಗೋಡೆಯ ಯೋಚನೆಯೇ ಇರಲಿಲ್ಲ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ತುಣುಕಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಬೇಕಿತ್ತು, ಅಷ್ಟೇ.

ಈಗ ನಾನು ಅಸಿಟೋನ್ ಹಾಕಿದರೆ ಯಾರು ಕರೆದರೂ ತಿರುಗುವುದಿಲ್ಲ. ಎರಡು ಮೂರು ಸೆಕೆಂಡು, ತಕ್ಷಣ ನೀರು. ಅದೇ ಸ್ಲೈಡ್‌ನಲ್ಲಿ ಒಂದು ಕಡೆ ಗೊತ್ತಿರುವ ಸ್ಟಫೈಲೋಕಾಕಸ್, ಇನ್ನೊಂದು ಕಡೆ ಗುಲಾಬಿ ಆಗಬೇಕಾದ ಈ. ಕೋಲಿ ಹಚ್ಚಿರುತ್ತೇನೆ, ಇವೇ ನನ್ನ ಕಂಟ್ರೋಲ್. ಅವೆರಡರ ಬಣ್ಣ ಸರಿ ಬಂದಿಲ್ಲವಾ, ನಡುವಿನದನ್ನು ನೋಡುವುದೇ ಇಲ್ಲ. ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಹಚ್ಚಿದ ಲೇಪ, ತೆಳ್ಳಗಿರಬೇಕು, ದಪ್ಪಗಾದರೆ ಈ. ಕೋಲಿಯೂ ನೇರಳೆಯಾಗಿ ಕೂತು ಮೋಸ ಮಾಡುತ್ತದೆ.

ಇಷ್ಟಾದ ಮೇಲೂ ಅನುಮಾನ ಬಂದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್. 3% ದ್ರಾವಣ ಒಂದು ಹನಿ, ಅದರಲ್ಲಿ ಒಂದು ಕಾಲೊನಿ (ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಕಲಸಿ ಲೂಪ್, ಅಂದರೆ ತಂತಿಯ ಕುಣಿಕೆ, ಮೇಲೆತ್ತಿ. ನೆಗೆಟಿವ್ ಆದರೆ ತೆಳು ಗೋಡೆ ಒಡೆದು ಡಿಎನ್‌ಎ ಹೊರಗೆ ಸುರಿಯುತ್ತದೆ, ಲೂಪ್ ಜೊತೆ ಎಳೆ ಏಳುತ್ತದೆ, ಥೇಟ್ ಬೆಲ್ಲದ ಎಳೆ ಪಾಕ. ಪಾಸಿಟಿವ್‌ಗೆ ಎಳೆ ಬರುವುದಿಲ್ಲ, ನೀರು ನೀರಾಗೇ ಇರುತ್ತದೆ.

ಮೊನ್ನೆ ಮೂರು ದಿನದ ಹಳೆ ಪ್ಲೇಟಿನಿಂದ ಸ್ಟೇನ್ ಮಾಡಿದರೆ ಕಡ್ಡಿಯಂಥವು, ಗುಲಾಬಿ. ಕಂಟ್ರೋಲ್ ಎರಡೂ ಸರಿಯಾಗಿದ್ದವು. ಎಳೆ ನೋಡಿದೆ, ಏಳಲಿಲ್ಲ. ವಯಸ್ಸಾದ ಪಾಸಿಟಿವ್‌ಗಳ ಗೋಡೆ ಬಣ್ಣ ಹಿಡಿದಿಡುವುದಿಲ್ಲ, ಅದೇ ಇರಬೇಕು ಅನ್ನಿಸಿತು. ಹೊಸ ಪ್ಲೇಟಿಗೆ ಹಾಕಿ ಮರುದಿನ ನೋಡಿದೆ. ಉದ್ದುದ್ದ ಕಡ್ಡಿಗಳು, ಒಳ್ಳೆ ನೇರಳೆ.